ಕೇಳದೆ ಇಟ್ಟ ಸಂಬಳ

ಕಟ್ಟೆಯ ಮೇಲಿದ್ದ ಮೊಬೈಲ್ ಗುಂಯ್‌ಗುಟ್ಟಿತು. ಈಜು ಟೀಚರ್ ಎದೆಮಟ್ಟದ ನೀರಿನಲ್ಲಿ ನಿಂತೇ ಒಂದು ಕೈಯನ್ನು ಟವೆಲ್ಲಿಗೆ ಒರೆಸಿ ಅದನ್ನು ಎತ್ತಿಕೊಂಡಳು. ಇನ್ನೊಂದು ಕೈ ಅಂಗಾತ ಮಲಗಿದ್ದ ದರ್ಜಿಯಮ್ಮನ ಬೆನ್ನಿನ ಕೆಳಗಿತ್ತು. ದರ್ಜಿಯಮ್ಮ ಕಣ್ಣು ಮುಚ್ಚಿಕೊಂಡು, "ಕೈ ಬಿಡ್ಬೇಡಿ ಟೀಚರ್, ದಮ್ಮಯ್ಯ" ಎಂದು ಒಂದೇ ಸಮ ಗೊಣಗುತ್ತಿದ್ದಳು.

ಬ್ಯಾಂಕಿನಿಂದ ಬಂದ ಮೆಸೇಜು. ಬೆಳಗಿನಿಂದ ಅವಳು ಕಾಯುತ್ತಿದ್ದದ್ದು ಇದಕ್ಕೇ. ಓದಿದಳು. ಸೊನ್ನೆಗಳನ್ನು ಬೆರಳಿಟ್ಟು ಎಣಿಸಲು ಇನ್ನೊಂದು ಕೈಯೂ ಬೇಕಾಯಿತು. ಐದು ತಿಂಗಳ ಸಂಬಳ ಒಟ್ಟಿಗೆ ಬರಬೇಕಿತ್ತು. ಅದರಲ್ಲಿ ಮೂರನೇ ಒಂದು ಪಾಲು ಮಾಯವಾಗಿತ್ತು.

"ಟೀಚರ್, ಕೈ ಬಿಟ್ರಾ?"

"ಆಗ್ಲೇ ಬಿಟ್ಟೆ. ತೇಲ್ತಾ ಇದೀರಲ್ಲ."

ತೇಲುತ್ತಿದ್ದೇನೆಂದು ಗೊತ್ತಾದದ್ದೇ ತಡ, ದರ್ಜಿಯಮ್ಮ ಕಲ್ಲಿನ ಹಾಗೆ ಮುಳುಗಿದಳು. ಅವಳನ್ನು ಎತ್ತಿ ನಿಲ್ಲಿಸಿ, ಬೆನ್ನು ತಟ್ಟಿ ಕೆಮ್ಮಿಸಿ, ಟೀಚರ್ ಆ ದಿನದ ತರಗತಿಯನ್ನು ಅಲ್ಲಿಗೇ ಮುಗಿಸಿಬಿಟ್ಟಳು.

ಪುರಸಭೆಯ ಈಜುಕೊಳದಲ್ಲಿ ಅವಳದು ಗಂಟೆ ಲೆಕ್ಕದ ಕೆಲಸ. ಕಲಿಸಿದ ಗಂಟೆಗಳನ್ನು ತಿಂಗಳ ಕೊನೆಗೆ ಒಂದು ಚೀಟಿಯಲ್ಲಿ ಬರೆದು ಮಹಡಿಯ ಆಫೀಸಿಗೆ ಕೊಟ್ಟರೆ ಸಂಬಳ ಬರುತ್ತದೆ, ಕೊಡದಿದ್ದರೆ ಇಲ್ಲ. ಕೊಡದಿರುವಷ್ಟು ದಡ್ಡರು ಯಾರಿರುತ್ತಾರೆ? ಇವಳು ಐದು ತಿಂಗಳು ಬೇಕೆಂದೇ ಕೊಡಲಿಲ್ಲ.

ಗಂಡನನ್ನು ಬಿಟ್ಟು ಬಂದು ತಂಗಿಯ ಮನೆ ಸೇರಿ ಮೂರು ವರ್ಷವಾಗಿತ್ತು. ತಂಗಿಯ ಗಂಡ ಕೆಟ್ಟವನಲ್ಲ. ಆದರೆ ಸಂಬಳದ ದಿನ ಬಂತೆಂದರೆ ಅವನ ಗಂಟಲಿಗೆ ಏನೋ ಸಿಕ್ಕಿಕೊಳ್ಳುತ್ತಿತ್ತು. ಕೆಮ್ಮಿ, "ಅಕ್ಕಾ, ಈ ಸಲ ಕರೆಂಟ್ ಬಿಲ್ಲು ವಿಪರೀತ ಬಂದಿದೆ" ಎನ್ನುತ್ತಿದ್ದ. ಕೊಡಿ ಎಂದು ಒಂದು ದಿನವೂ ಬಾಯಿಬಿಟ್ಟು ಕೇಳಿದವನಲ್ಲ. ಕೇಳಿದ್ದರೆ ಇಲ್ಲ ಅನ್ನಬಹುದಿತ್ತು. ಕೇಳದವನಿಗೆ ಇಲ್ಲ ಅನ್ನುವುದು ಹೇಗೆ? ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಹೀಗೆ ಕೊಡುತ್ತಾ ಹೋದರೆ ತನ್ನದೇ ಒಂದು ಬಾಗಿಲು, ತನ್ನದೇ ಒಂದು ಬೀಗ ಈ ಜನ್ಮದಲ್ಲಿ ಆಗುವುದಿಲ್ಲವೆಂದು ಅವಳಿಗೆ ಹೊಳೆಯಿತು. ಕೈಗೆ ಬಂದರೆ ತಾನೇ ಕೊಡಬೇಕು? ಚೀಟಿ ಕೊಡುವುದನ್ನೇ ನಿಲ್ಲಿಸಿದಳು. "ಆಫೀಸಿನವ್ರು ಇನ್ನೂ ಹಾಕಿಲ್ಲ ಕಣೆ" ಎಂದು ತಂಗಿಗೆ ಹೇಳುತ್ತಿದ್ದಳು. ಪೂರ್ತಿ ಸುಳ್ಳೇನೂ ಅಲ್ಲವಲ್ಲ ಎಂಬ ಸಮಾಧಾನವೂ ಇತ್ತು. ಅಂತೂ ಒಂದು ಸಣ್ಣ ಮನೆ ಗೊತ್ತಾಯಿತು. ಕೆಳಗೆ ನಿವೃತ್ತ ನರ್ಸಮ್ಮ, ಮೇಲೆ ಎರಡು ಕೋಣೆ. ಐದೂ ಚೀಟಿಗಳನ್ನು ಒಟ್ಟಿಗೆ ಆಫೀಸಿಗೆ ಕೊಟ್ಟು, ನಾಳೆ ಹೊರಡುತ್ತೇನೆಂದು ತಂಗಿಗೂ ಹೇಳಿದ್ದಳು. ಅಡ್ವಾನ್ಸ್ ಕೊಡಲು ಇವತ್ತೇ ಕೊನೆಯ ದಿನ.

ಸೀರೆ ಸುತ್ತಿಕೊಂಡು, ಕೂದಲಿಂದ ನೀರು ತೊಟ್ಟಿಕ್ಕುತ್ತಿದ್ದ ಹಾಗೇ ಅವಳು ಮಹಡಿ ಹತ್ತಿದಳು. ಸಂಬಳದ ಮೇಜಿನ ಗುಮಾಸ್ತೆಗೆ ಎಲ್ಲರೂ ಇಟ್ಟ ಹೆಸರು ಕತ್ತರಿ ಮೇಡಂ. ಹೆಸರು ಅವಳಿಗೂ ಗೊತ್ತಿತ್ತು, ಬೇಸರವೇನಿರಲಿಲ್ಲ.

"ಕೂತ್ಕೊಳ್ಳಿ" ಎಂದಳು ಕತ್ತರಿ. "ನೀವು ಬರ್ತೀರ ಅಂತ ಗೊತ್ತಿತ್ತು."

ಟೀಚರ್ ಕೂರಲಿಲ್ಲ. "ಎಲ್ಲಿ ಹೋಯ್ತು ನನ್ನ ದುಡ್ಡು?"

"ಐದು ತಿಂಗಳಿಂದು ಒಂದೇ ಸಲ ಕೇಳಿದ್ರಿ. ಕಂಪ್ಯೂಟರ್ ಲೆಕ್ಕಕ್ಕೆ ಅದು ಒಂದು ತಿಂಗಳ ಸಂಬಳ. ಇಷ್ಟು ತಗೊಳ್ಳೋರು ಯಾರೋ ದೊಡ್ಡ ಸಾಹೇಬ್ರೇ ಇರ್ಬೇಕು ಅಂತ ತೆರಿಗೆ ಹಿಡೀತು. ತಿಂಗ್ಳು ತಿಂಗ್ಳು ಕೇಳಿದ್ರೆ ನಿಮಗೆ ತೆರಿಗೆ ಬರೋದೇ ಇಲ್ಲ. ಇನ್ನು ಒಂದು ಮಿತಿ ದಾಟಿದ್ರೆ ಪಿಂಚಣಿಗೂ ಹಿಡೀಬೇಕು. ದಾಟ್ತು, ಹಿಡೀತು."

"ಐದು ತಿಂಗಳ ಕೆಲ್ಸಾನ ಒಂದೇ ತಿಂಗಳಲ್ಲಿ ಹ್ಯಾಗೆ ಮಾಡ್ಲಿ? ಅಷ್ಟೂ ಬುದ್ಧಿ ಬೇಡ್ವಾ ಅದಕ್ಕೆ?"

"ಹಾಗೆ ಮಾಡ್ಬೇಕು ಅಂದ್ರೆ ನೀವು ನೀರಲ್ಲೇ ಸಂಸಾರ ಹೂಡ್ಬೇಕಿತ್ತು. ನಂಗೆ ಗೊತ್ತು. ಅದಕ್ಕೆ ಗೊತ್ತಿಲ್ಲ."

"ವಾಪಸ್ ಬರಲ್ವಾ?"

"ತೆರಿಗೆ ಬರತ್ತೆ, ವರ್ಷ ಮುಗಿದ ಮೇಲೆ ಅರ್ಜಿ ಹಾಕಿದ್ರೆ. ಪಿಂಚಣಿದು ಅರವತ್ತಾದ ಮೇಲೆ."

"ಬಾಡಿಗೆ ಮನೆಗೆ ಅಷ್ಟು ಹೊತ್ತಿಗೆ ಹೋದ್ರಾಯ್ತು ಬಿಡಿ, ಕೋಲು ಊರ್ಕೊಂಡು" ಎಂದಳು ಟೀಚರ್. ನಗಲು ಹೋದ ಬಾಯಿ ಸೊಟ್ಟಗಾಯಿತು.

ಕತ್ತರಿ ಪೆನ್ನು ಕೆಳಗಿಟ್ಟಳು. "ಚೀಟಿ ಕೊಡಿ ಚೀಟಿ ಕೊಡಿ ಅಂತ ಪ್ರತಿ ತಿಂಗಳೂ ಬಡ್ಕೊಂಡೆ. ನಿಮ್ಹತ್ರಾನೇ ಭದ್ರವಾಗಿರ್ಲಿ ಮೇಡಂ ಅಂತ ನಗ್ತಿದ್ರಿ. ಕೇಳದೇ ಇರೋ ದುಡ್ಡು ಇಲ್ಲಿ ಯಾರ ಹತ್ರಾನೂ ಇರಲ್ಲ ತಾಯಿ. ಕೇಳೋವರ್ಗೂ ಅದು ದುಡ್ಡೇ ಅಲ್ಲ."

ಬೀದಿಗೆ ಬಂದ ಮೇಲೆ ಅವಳಿಗೆ ನಿಲ್ಲಲೂ ಆಗಲಿಲ್ಲ, ಬಸ್ಸಿಗೆ ಕಾಯಲೂ ಆಗಲಿಲ್ಲ. ನಡೆಯುತ್ತಲೇ ನರ್ಸಮ್ಮನಿಗೆ ಫೋನು ಮಾಡಿ, ಸ್ವಲ್ಪ ಕಡಿಮೆ ಬಿದ್ದಿದೆ, ಒಂದು ತಿಂಗಳು ತಡೆಯುತ್ತೀರಾ ಎಂದು ಕೇಳಿದಳು.

"ನೀನೇ ಬರ್ಲಿ ಅಂತ ನಂಗೂ ಆಸೆ ಕಣಮ್ಮ" ಎಂದಳು ನರ್ಸಮ್ಮ. "ಆದ್ರೆ ಇನ್ನೊಂದು ಗಂಡ ಹೆಂಡ್ತಿ ದುಡ್ಡು ಹಿಡ್ಕೊಂಡು ಮೆಟ್ಟಿಲ ಮೇಲೇ ಕೂತಿದ್ದಾರೆ. ಏಳಿ ಅನ್ನೋಕೆ ಬಾಯಿ ಬರಲ್ಲ. ಕತ್ತಲಾಗೋವರ್ಗೂ ಏನೋ ಒಂದು ಹೇಳಿರ್ತೀನಿ. ಅಷ್ಟ್ರಲ್ಲಿ ಹೊಂದಿಸ್ಕೊಂಡು ಬಾ."

ಹೊಂದಿಸುವುದು ಎಲ್ಲಿಂದ? ಉಳಿದವನು ಒಬ್ಬನೇ, ತಂಗಿಯ ಗಂಡ. ಮೂರು ವರ್ಷ ಅವನು ಕೆಮ್ಮಿದಾಗಲೆಲ್ಲ ಕೊಟ್ಟಿದ್ದಾಳೆ, ಇವತ್ತು ತಾನೊಮ್ಮೆ ಕೆಮ್ಮಿದರೆ ತಪ್ಪೇನು? ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು. ಸಾಲವಾಗಿ ಕೊಡಿ ಅನ್ನಬೇಕು. ವರ್ಷ ಮುಗಿದ ಮೇಲೆ ತೆರಿಗೆ ದುಡ್ಡು ಬಂದ ಕೂಡಲೇ ಕೊಡುತ್ತೇನೆ ಅನ್ನಬೇಕು. ಯಾವ ತೆರಿಗೆ ಎಂದು ಕೇಳಿದರೆ? ಅಲ್ಲಿಗೆ ಬಂದಾಗ ಮಾತು ಕಡಿದುಹೋಗುತ್ತಿತ್ತು, ಮತ್ತೆ ಮೊದಲಿಂದ ಶುರು ಮಾಡುತ್ತಿದ್ದಳು.

ಮನೆ ಬಾಗಿಲಲ್ಲೇ ಹೊಸ ಬಣ್ಣದ ವಾಸನೆ ಮೂಗಿಗೆ ಬಡಿಯಿತು. ಅವಳ ಮಂಚ ನಡುಮನೆಯಲ್ಲಿತ್ತು. ಅದರ ಮೇಲೆ ಮಡಿಸಿದ ಹಾಸಿಗೆ, ಎರಡು ಚೀಲ, ಅವಳ ಹಣಿಗೆ ಕೂಡ. ತಂಗಿಯ ಗಂಡ ಮೊಣಕೈವರೆಗೂ ಹಸಿರು ಬಣ್ಣ ಮಾಡಿಕೊಂಡು ಒಳಗಿನಿಂದ ಬಂದ.

"ನೀವು ನಾಳೆ ಹೊರಡ್ತೀರಲ್ಲ, ಇವತ್ತೇ ರಜೆ ಹಾಕಿ ಕೋಣೆಗೆ ಬಣ್ಣ ಶುರು ಮಾಡ್ಬಿಟ್ಟೆ. ಮಗಳಿಗೆ ಒಂದ್ನಿಮಿಷ ತಾಳ್ಮೆ ಇಲ್ಲ. ಮೇಜು ಒಳಗಿಟ್ಟು ಕೂತೂ ಆಯ್ತು."

ಈಗ ಕೇಳಬೇಕು. ಅವಳು ಗಂಟಲು ಸರಿಮಾಡಿಕೊಂಡಳು.

"ಒಂದು ಮಾತು ಅಕ್ಕಾ" ಎಂದು ಅವನೇ ಮುಂದುವರಿಸಿದ. "ನಿಮಗೆ ಸಂಬಳಾನೇ ಆಗ್ತಿಲ್ಲ ಅಂತ ಇವಳು ಐದು ತಿಂಗಳಿಂದ ನನ್ನ ಹತ್ರ ಬಸ್ಸಿಗೆ ಅಂತ ಇಸ್ಕೊಂಡು ನಿಮ್ಮ ಚೀಲದಲ್ಲಿ ಹಾಕ್ತಿದ್ಲು. ನಾನೂ ಕರೆಂಟ್ ಬಿಲ್ಲಿನ ಸುದ್ದಿ ಎತ್ತಲಿಲ್ಲ. ಆ ಕಷ್ಟದಲ್ಲೂ ಅಡ್ವಾನ್ಸ್ ಹೊಂದಿಸಿದ್ರಲ್ಲ, ನನ್ನ ಕೈಲಾಗ್ತಿರ್ಲಿಲ್ಲ."

ಮಾತಿನಲ್ಲಿ ಕೊಂಕಿದೆಯೇ ಎಂದು ಅವಳು ಅವನ ಮುಖವನ್ನು ಹುಡುಕಿದಳು. ಇರಲಿಲ್ಲ. ಒಂದಿಷ್ಟು ಕೊಂಕಿದ್ದಿದ್ದರೂ ಬಾಯಿಬಿಟ್ಟು ಕೇಳಿಬಿಡುತ್ತಿದ್ದಳು. ಚೀಲದ ಮೂಲೆಯಲ್ಲಿ ಸಿಗುತ್ತಿದ್ದ ಮಡಿಸಿದ ನೋಟುಗಳು ತಂಗಿಯವೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಬಸ್ಸು ಹತ್ತಿದ್ದಳು.

"ಕೈಕಾಲು ತೊಳ್ಕೊ ಅಕ್ಕ, ಚಹಾ ಆಯ್ತು" ಎಂದು ತಂಗಿ ಅಡಿಗೆಮನೆಯಿಂದ ಕೂಗಿದಳು. "ದುಡ್ಡು ಕೊಟ್ಬಂದ್ಯಾ?"

ಮೊಬೈಲ್ ಗುಂಯ್‌ಗುಟ್ಟಿತು. ಅವಳು ಹೊರಗಿನ ಮೆಟ್ಟಿಲಿಗೆ ಬಂದು ಎತ್ತಿಕೊಂಡಳು. ನರ್ಸಮ್ಮ ಏನು ಕೇಳುತ್ತಾಳೆಂದು ಕಾಯಲಿಲ್ಲ.

"ಮನೇನ ಅವ್ರಿಗೇ ಕೊಟ್ಬಿಡಿ" ಎಂದಳು.

ಒಳಗೆ ಬಂದವಳಿಗೆ ತಂಗಿಯ ಮುಖ ನೋಡುವ ಧೈರ್ಯವಾಗಲಿಲ್ಲ. ಇನ್ನೂ ಕೆಲವು ತಿಂಗಳು ಇಲ್ಲೇ ಇರುತ್ತೇನೆಂದು ಮೊದಲು ಮಗುವಿಗೆ ಹೇಳುವುದು ವಾಸಿ, ಅವಳಿಗೆ ಕಾರಣ ಹೇಳಬೇಕಾಗಿಲ್ಲ ಅನ್ನಿಸಿ ಕೋಣೆಯ ಕಡೆ ಹೋದಳು. ಬಾಗಿಲು ಮುಚ್ಚಿತ್ತು. ಮೂರು ವರ್ಷ ತಾನು ಮಲಗಿ ಎದ್ದ ಕೋಣೆ. ಕೈ ತಾನಾಗಿಯೇ ಮೇಲೆದ್ದು ಎರಡು ಸಲ ತಟ್ಟಿತು.

"ಯಾರು?" ಎಂದಳು ಹುಡುಗಿ ಒಳಗಿನಿಂದ.

"ನಾನು."

"ದೊಡ್ಡಮ್ಮಾ, ಬಾಗಿಲು ಮುಟ್ಬೇಡಿ. ಬಣ್ಣ ಇನ್ನೂ ಒಣಗಿಲ್ಲ."

ಅವಳು ಕೈ ಹಿಂದಕ್ಕೆ ತೆಗೆದಳು. ಬೆರಳ ಗೆಣ್ಣುಗಳಿಗೆಲ್ಲ ಹಸಿರು ಹತ್ತಿತ್ತು, ಬಾಗಿಲ ಮೇಲೆ ಅಷ್ಟೇ ಅಗಲದ ಗುರುತು ಉಳಿದಿತ್ತು. ಆ ಕೈಯನ್ನು ಸೀರೆಗೂ ತಾಗಿಸದೆ, ಗೋಡೆಗೂ ತಾಗಿಸದೆ, ಮೈಯಿಂದ ದೂರ ಹಿಡಿದುಕೊಂಡು ಅವಳು ಅಲ್ಲೇ ನಿಂತಳು.