ಸತ್ತವಳ ರಕ್ತಪರೀಕ್ಷೆ

ಅವಳು ಮೊದಲ ಸಲ ಬೈಂಡಿಂಗ್ ಅಂಗಡಿಗೆ ಬಂದಾಗ ಕೈಯಲ್ಲಿ ದಪ್ಪನೆಯ ರಿಜಿಸ್ಟರ್ ಹಿಡಿದಿದ್ದಳು. ಹೊಲಿಗೆ ಬಿಟ್ಟಿದೆ, ಹಾಕಿಕೊಡಿ ಎಂದಳು. ತೆರೆದು ನೋಡಿದೆ. ಹೊಲಿಗೆ ಕಲ್ಲಿನ ಹಾಗಿತ್ತು. ಹದಿನಾಲ್ಕು ವರ್ಷ ಹಾಳೆ ಮಡಚಿ, ದಾರ ಪೋಣಿಸಿ, ಗೋಂದು ಹಚ್ಚಿ ಬೆರಳು ಸವೆಸಿಕೊಂಡವಳ ಹತ್ತಿರ ಬಂದು ಇಂಥ ಸುಳ್ಳು ಹೇಳುವುದಕ್ಕೆ ಎಷ್ಟು ಧೈರ್ಯ!

"ಇದಕ್ಕೇನೂ ಆಗಿಲ್ಲ. ತಗೊಂಡ್ ಹೋಗಿ," ಎಂದೆ.

ಯಜಮಾನರು ಒಳಗೆ ಕಟಿಂಗ್ ಮಷಿನ್ ಹತ್ತಿರ ಇದ್ದಾರೆಂದು ಖಾತ್ರಿ ಮಾಡಿಕೊಂಡು ಅವಳು ದನಿ ತಗ್ಗಿಸಿದಳು. "ನಾನು ಚಿಕಿತ್ಸಾ ಕೇಂದ್ರದಿಂದ ಬಂದಿದ್ದೀನಿ ಮೇಡಂ. ಒಂಬತ್ತು ತಿಂಗಳಿಂದ ನೀವು ಮಾತ್ರೆ ತಗೊಂಡಿಲ್ಲ."

ಮೈಯೆಲ್ಲ ಉರಿದುಹೋಯಿತು. ನನಗೆ ಎಚ್‌ಐವಿ ಇರುವುದು ಕೇಂದ್ರದವರನ್ನು ಬಿಟ್ಟರೆ ಗೊತ್ತಿದ್ದದ್ದು ನನ್ನ ಅಕ್ಕನೊಬ್ಬಳಿಗೆ ಮಾತ್ರ. ಗಂಡ ಅದನ್ನು ನನಗೆ ಅಂಟಿಸಿ ತಾನು ಹೊರಟುಹೋದ ಮೇಲೆ ನಾನಿರುವುದು ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ. ಯಜಮಾನರ ಕಿವಿಗೆ ಇದು ಬಿದ್ದರೆ ನಾಳೆಯಿಂದ ನಾನು ಕುಡಿದ ಲೋಟವನ್ನೂ ಯಾರೂ ಮುಟ್ಟುವುದಿಲ್ಲ.

"ಈ ಜಾಗ ಯಾರು ತೋರಿಸಿದ್ರು ನಿಂಗೆ?"

"ಹೋದ ತಿಂಗಳು ಜ್ವರ ಅಂತ ದೊಡ್ಡಾಸ್ಪತ್ರೆಗೆ ಹೋಗಿದ್ರಲ್ಲ. ರಕ್ತ ಕೊಟ್ರಿ, ಕೆಲಸದ ಜಾಗ ಬರೆಸಿದ್ರಿ. ಅವರ ಪಟ್ಟೀನೂ ನಮ್ಮ ಪಟ್ಟೀನೂ ಹೋಲಿಸಿ ನೋಡೋದೇ ನನ್ನ ಕೆಲಸ."

"ರಕ್ತ ಕೊಟ್ಟಿದ್ದು ಜ್ವರಕ್ಕೆ, ನಿನ್ನ ಪಟ್ಟಿಗಲ್ಲ. ನಾನು ಎಲ್ಲಿ ಚುಚ್ಚಿಸಿಕೊಂಡ್ರೆ ನಿಂಗೇನು? ಮಾನ ಮರ್ಯಾದೆ ಇಲ್ವಾ ನಿಮಗೆಲ್ಲ? ನಡಿ ಆಚೆ!"

ಹೋದಳು. ಮೂರು ದಿನ ಬಿಟ್ಟು ಅದೇ ರಿಜಿಸ್ಟರ್ ಹಿಡಿದು ಮತ್ತೆ ಬಂದಳು. ಬೆನ್ನು ಹತ್ತಿದರೆ ಬಿಡುವ ಪೈಕಿ ಅಲ್ಲ. ನಾನು ತಲೆ ಎತ್ತಲಿಲ್ಲ. ಮನಸ್ಸಿನಲ್ಲೇ ಅವಳಿಗೆ ಪಟ್ಟಿಯವಳು ಎಂದು ಹೆಸರಿಟ್ಟೆ.

ಮಾತ್ರೆ ಬಿಟ್ಟದ್ದು ಮರೆತಲ್ಲ. ಅಕ್ಕನ ಮಗಳಿಗೆ ಗಂಡು ಗೊತ್ತಾಗಿತ್ತು. ಗಂಡಿನ ಕಡೆಯವರು ಹೊತ್ತುಗೊತ್ತಿಲ್ಲದೆ ಬರತೊಡಗಿದ್ದರು. "ಮದುವೆ ಮುಗಿಯೋವರೆಗೂ ಆ ಡಬ್ಬಿ ಮನೇಲಿ ಬೇಡ ಕಣೇ," ಎಂದು ಅಕ್ಕ ಕಣ್ಣೀರು ಹಾಕಿದಳು. ನಾನು ಎತ್ತಿ ಆಡಿಸಿದ ಹುಡುಗಿ, ಅವಳ ಬಾಳಿಗೆ ನಾನ್ಯಾಕೆ ಅಡ್ಡ ಬರಲಿ ಎಂದು ಡಬ್ಬಿ ಎಸೆದೆ. ಕೆಲವು ತಿಂಗಳು ಏನೂ ಆಗಲಿಲ್ಲ. ಆಮೇಲೆ ಬಟ್ಟೆಗಳೆಲ್ಲ ಸಡಿಲವಾದವು, ಬಾಯೊಳಗೆ ಬಿಳಿ ಹುಣ್ಣು ಎದ್ದಿತು. ಹೆದರಿಕೆ ಆಗಿರಲಿಲ್ಲ ಎಂದರೆ ಅದು ಸುಳ್ಳು.

ಮೂರನೆಯ ಸಲ ಪಟ್ಟಿಯವಳು ಬಂದದ್ದು ಊಟದ ಹೊತ್ತಿಗೆ. ರದ್ದಿ ಕಾಗದ ಪೇರಿಸಿದ್ದ ಹಿಂಬಾಗಿಲಿಗೆ ಅವಳನ್ನು ದರದರ ಎಳೆದುಕೊಂಡು ಹೋದೆ.

"ನಿಂಗೆ ಕೈ ಮುಗೀತೀನಿ. ನಿನ್ನ ಪಟ್ಟಿಯಿಂದ ನನ್ನ ಹೆಸರು ಕಿತ್ತುಹಾಕು."

"ಕಿತ್ತುಹಾಕಿ ಏಳು ತಿಂಗಳಾಯ್ತು ಮೇಡಂ. ಅದನ್ನ ಹೇಳೋಕೇ ಬರ್ತಿರೋದು, ನೀವು ಬಾಯಿ ಬಿಡೋಕೆ ಬಿಟ್ರೆ ತಾನೆ? ನಮ್ಮ ಕಡತದಲ್ಲಿ ನೀವು ಸತ್ತಿದ್ದೀರ. ಸತ್ತೋರು ಹೋದ ತಿಂಗಳು ರಕ್ತ ಕೊಟ್ಟಿದ್ದು ನೋಡಿ ಹುಡುಕ್ಕೊಂಡು ಬಂದೆ."

"ಯಾವ ಪಾಪಿ ಹೇಳಿದ್ದು ಸತ್ತೆ ಅಂತ?"

ಅವಳು ತಡವರಿಸಿದಳು. "ಮಾತ್ರೆಗೆ ಬರದೇ ಇದ್ರೆ ಮೂರು ಸಲ ಫೋನ್ ಮಾಡ್ತೀವಿ. ನೀವು ಬರೆಸಿದ್ದ ನಂಬರಿಗೇ ಮಾಡಿದ್ದು. ಮೂರನೇ ಸಲ ಯಾರೋ ಹೆಂಗಸು, ಅವಳು ತೀರ್ಕೊಂಡ್ಲು, ಇನ್ಮೇಲೆ ಫೋನ್ ಮಾಡ್ಬೇಡಿ ಅಂದ್ರಂತೆ."

ಆರು ವರ್ಷದ ಹಿಂದೆ ಕೇಂದ್ರದಲ್ಲಿ ಹೆಸರು ಬರೆಸಿದಾಗ ನನ್ನ ಹತ್ತಿರ ಫೋನ್ ಇರಲಿಲ್ಲ. ಬರೆಸಿದ್ದು ಅಕ್ಕನ ನಂಬರು.

ನಗು ಬಂತು, ಹಾಳಾದ ನಗು. ಏಳು ತಿಂಗಳಿಂದ ಅವಳು ಬಡಿಸಿದ್ದನ್ನೇ ಉಣ್ಣುತ್ತಿದ್ದೇನೆ. ಇನ್ನೊಂಚೂರು ಹಾಕ್ಕೊಳ್ಳೇ, ಎಷ್ಟು ಸೊರಗಿದ್ದೀಯ ಎನ್ನುತ್ತಾಳೆ. ಅಂಥವಳು ನನಗೆ ಎಳ್ಳುನೀರು ಬಿಟ್ಟು ಕೂತಿದ್ದಳು! ರದ್ದಿಯ ಮೇಲೆ ಕುಸಿದು ಕೂತು ಅತ್ತೆ. ಪಟ್ಟಿಯವಳು ಸಮಾಧಾನ ಹೇಳಲಿಲ್ಲ, ಹೇಳಿದ್ದರೆ ಬಾರಿಸಿಬಿಡುತ್ತಿದ್ದೆ.

ಮಾರನೆಯ ದಿನ ಅರ್ಧ ರಜೆ ಹಾಕಿ ಅವಳ ಜೊತೆ ಕೇಂದ್ರಕ್ಕೆ ಹೋದೆ. ಕಂಪ್ಯೂಟರ್ ಮುಂದೆ ಕೂತಿದ್ದ ಗುಮಾಸ್ತನ ಮೇಜಿನ ಮೇಲೆ ಗುರುತಿನ ಚೀಟಿ ಕುಕ್ಕಿದೆ.

"ಚೀಟಿ ಸಾಲದು," ಎಂದ. "ಸತ್ತವರ ಹೆಸರಲ್ಲಿ ಮಾತ್ರೆ ಒಯ್ದೋರನ್ನ ನೋಡಿದ್ದೀನಿ. ಸತ್ರು ಅಂತ ಯಾವ ನಂಬರಿಂದ ತಿಳಿಸಿದ್ರೋ ಅದೇ ನಂಬರಿನವರು ಬದುಕಿದ್ದಾರೆ ಅನ್ಬೇಕು. ಇಲ್ಲಾಂದ್ರೆ ಹೊಸದಾಗಿ ಬರೆಸಿ. ಒಂದು ತಿಂಗಳಾಗುತ್ತೆ."

"ಎದುರಿಗೇ ನಿಂತಿದ್ದೀನಲ್ಲ, ಕಣ್ಣು ಕಾಣಲ್ವಾ ನಿಂಗೆ?"

"ಆ ರಕ್ತದ ವರದಿ ನೋಡಿ ಸರ್," ಎಂದು ಪಟ್ಟಿಯವಳು ಅವನ ಮೇಲೆ ಎಗರಿದಳು. "ಇವರ ಹತ್ರ ಒಂದು ತಿಂಗಳಿಲ್ಲ."

ಗುಮಾಸ್ತ ಅಕ್ಕನ ನಂಬರು ಒತ್ತಿ ಫೋನನ್ನು ನನ್ನ ಕಡೆಗೆ ತಳ್ಳಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿದ.

"ಅಕ್ಕಾ, ನಾನು ಕೇಂದ್ರದಲ್ಲಿದ್ದೀನಿ. ಸತ್ತಿಲ್ಲ ಅಂತ ಇವರಿಗೆ ಹೇಳು."

ಆ ಕಡೆ ಯಾರೋ ಹೆಂಗಸರು ನಗುತ್ತಿದ್ದರು. ಗಂಡಿನ ಕಡೆಯವರು ಬಂದಿರಬೇಕು. ಬಾಗಿಲು ಮುಚ್ಚಿದ ಸದ್ದಾಯಿತು.

"ಈಗ್ಲೇ ಬೇಕಿತ್ತೇನೇ ಇದು? ಇನ್ನು ಹದಿನೈದು ದಿನಕ್ಕೆ ಮದುವೆ. ಅಲ್ಲೀವರೆಗೆ ತಡಿಯೋಕೆ ಏನಾಗಿತ್ತು ನಿಂಗೆ, ದರಿದ್ರದವಳೇ!"

"ತಡೆದ್ರೆ ನೀನು ಹೇಳಿದ್ದೇ ನಿಜ ಆಗುತ್ತೆ."

"ಇವರು ಬದುಕಿದ್ದಾರಾ? ಹೌದಾ, ಇಲ್ವಾ?" ಗುಮಾಸ್ತ ನಡುವೆ ಬಾಯಿ ಹಾಕಿದ.

ಅಕ್ಕ ಅಳುತ್ತಿದ್ದಾಳೆಂದು ಉಸಿರಿನಿಂದ ತಿಳಿಯಿತು.

"ಬದುಕಿದ್ದಾಳೆ," ಎಂದಳು. "ಬರ್ಕೊಳ್ಳಿ. ಆದ್ರೆ ನಮ್ಮ ಮನೇಲಲ್ಲ. ಇವತ್ತಿಂದ ಅವಳು ಇಲ್ಲಿಗೆ ಬರೋದು ಬೇಡ."

ಫೋನ್ ಇಟ್ಟುಬಿಟ್ಟಳು. ಗುಮಾಸ್ತ ಏನನ್ನೋ ಒತ್ತಿದ. ತಲೆ ಎತ್ತದೆಯೇ, "ವಿಳಾಸ ಹಳೇದೇ ತಾನೆ?" ಎಂದ.

ಪಟ್ಟಿಯವಳು ಅವನನ್ನು ನುಂಗುವ ಹಾಗೆ ನೋಡಿದಳು. ನಾನು ಮೇಜಿನಾಚೆಗೆ ಕೈ ಚಾಚಿದೆ.

"ವಿಳಾಸ ಆಮೇಲೆ ಬರ್ಕೋ. ಮೊದಲು ಮಾತ್ರೆ ಕೊಡು."