ಕೆಂಪು ದಾರದ ಗುರುತು

"ಗದ್ದ ಸ್ವಲ್ಪ ಎತ್ತಿ ಹಿಡಿ ಮಗಾ," ಎಂದಳು ಎದುರುಮನೆ ಅತ್ತೆ.

ಮಗಳು ಎರಡೂ ಕೈಯಿಂದ ಅಮ್ಮನ ಗದ್ದ ಎತ್ತಿ ಹಿಡಿದಳು. ಬಿಳಿ ಪಟ್ಟಿಯನ್ನು ಗದ್ದದ ಕೆಳಗಿನಿಂದ ತಂದ ಅತ್ತೆ, ನೆತ್ತಿಯ ಮೇಲೆ ಗಂಟು ಹಾಕುವ ಮೊದಲು ಬಗ್ಗಿ ಬಾಯೊಳಗೆ ನೋಡಿದಳು.

"ಹಲ್ಲು ನೋಡೇ, ಮುತ್ತು ಪೋಣಿಸಿದ ಹಾಗಿದೆ! ಆ ಹಲ್ಲಿನ ಡಾಕ್ಟ್ರ ಕೈಗುಣ ದೊಡ್ಡದು ಕಣೇ. ನನ್ನ ದವಡೆ ಹಲ್ಲಿಗೂ ಅವರನ್ನೇ ತೋರಿಸ್ಬೇಕು. ಎಲ್ಲಿದೆ ಅಂದೆ ಆಸ್ಪತ್ರೆ?"

"ದೂರ, ಅತ್ತೆ."

ಅತ್ತೆ ಗಂಟು ಬಿಗಿದಳು. "ಪಾಪ, ಅಗಿಯೋಕಾಗಲ್ಲ ಅಂತ ದಿನಾ ಮೆತ್ತಗೆ ಬೇಯಿಸಿ ಕಳಿಸ್ತಿದ್ದೆ. ಈಗ ಗಂಟು ಕಟ್ಟಿದ ಮೇಲೂ ಹಲ್ಲುನೋವಿನವಳ ಹಾಗೇ ಕಾಣ್ತಾಳಲ್ಲೇ! ತಲೆಗೇನಾದ್ರೂ ಹೊದಿಸ್ಬೇಕಿತ್ತು."

ಅಮ್ಮನಿಗೆ ಜನ್ಮದಲ್ಲಿ ಹಲ್ಲುನೋವು ಬಂದಿರಲಿಲ್ಲ. ನಿನ್ನೆ ಊಟ ಮುಗಿಸಿ ಹೊಲಿಗೆ ಯಂತ್ರದ ಮುಂದೆ ಕುಳಿತವಳು ಹಾಗೆಯೇ ಮುಂದಕ್ಕೆ ವಾಲಿದ್ದಳು. ಹೃದಯ ನಿಂತಿತು ಎಂದರು. ಯಂತ್ರದ ಸೂಜಿಯ ಕೆಳಗೆ ಯಾರದೋ ಅಂಗಿಯ ತೋಳು ಇನ್ನೂ ಸಿಕ್ಕಿಕೊಂಡಿತ್ತು.

*

ಬೀದಿಯವರಿಗೆಲ್ಲ ಅಮ್ಮ ಕಾಜಕ್ಕ. ಅಂಗಿಯ ಗುಂಡಿ ತೂರುವ ಕಾಜಾವನ್ನು ಅವಳ ಹಾಗೆ ಕೈಯಲ್ಲಿ ಹೊಲಿಯುವವರು ಇನ್ನೊಬ್ಬರಿರಲಿಲ್ಲ. ಅಂಥವಳು ಕೆಲವು ವರ್ಷಗಳ ಹಿಂದೆ ಒಂದು ದಿನ ದಾರ ಪೋಣಿಸಿದ ಸೂಜಿ ಹಿಡಿದುಕೊಂಡೇ ಗೋಡೆ ನೋಡುತ್ತ ಕುಳಿತಳು. ಯಾರೋ ಮಾಟಗಾತಿ ಮಂತ್ರ ಹಾಕಿ ಹೋದ ಹಾಗೆ, ಕುಳಿತೇ ಇದ್ದಳು. ಊಟ ಬೇಡ, ಮಾತು ಬೇಡ.

"ಇದು ಖಿನ್ನತೆ," ಎಂದರು ಮನೋವೈದ್ಯರು. "ಮೊದಲು ಮಾತ್ರೆ ನೋಡೋಣ. ಹಿಡೀಲಿಲ್ಲ ಅಂದ್ರೆ ಇನ್ನೊಂದು ದಾರಿ ಇದೆ. ತಲೆ ಮೇಲೆ ಆಯಸ್ಕಾಂತದ ಸುರುಳಿ ಇಟ್ಟು ಮಿದುಳನ್ನ ಮೆಲ್ಲಗೆ ಚುರುಕು ಮಾಡೋದು. ಕುಯ್ಯಲ್ಲ, ಪ್ರಜ್ಞೆ ತಪ್ಪಿಸಲ್ಲ. ಆದ್ರೆ ವಾರಗಟ್ಟಲೆ ದಿನಾ ಬರಬೇಕು. ಯಾರಿಗೆ ಯಾವುದು ಹಿಡಿಯುತ್ತೆ ಅಂತ ಮೊದಲೇ ಹೇಳೋಕಾಗಲ್ಲ."

ಮಾತ್ರೆಯಿಂದ ಅಮ್ಮನ ಅಳು ನಿಂತಿತು. ಅದರ ಜೊತೆ ನಗುವೂ ನಿಂತಿತು. ಬಾಯಿ ಒಣಗಿತು, ಕೈ ನಡುಗಿತು. ಬೇರೆ ಮಾತ್ರೆ ಕೊಟ್ಟರೂ ನಡುಕ ಬಿಡಲಿಲ್ಲ. ಅಮ್ಮ ಒಂದು ಅಂಗಿ ತಂದು ತೋರಿಸಿದಳು. ಕಾಜಾಗಳು ಸೊಟ್ಟಗೆ ಹರಿದಾಡಿದ್ದವು.

"ನೋಡೇ, ಗುಂಡಿಗೆ ದಾರಿನೇ ಗೊತ್ತಾಗ್ತಿಲ್ಲ. ಡಾಕ್ಟ್ರು ಹೇಳಿದ ಆ ಮೆಷಿನ್‌ಗೆ ಹೋಗ್ಲಾ?"

"ಮಾತ್ರೆ ಆದ್ರೆ ಡಬ್ಬೀಲಿರುತ್ತಮ್ಮ, ಯಾರಿಗೂ ಕಾಣಲ್ಲ. ದಿನಾ ಆ ವಾರ್ಡಿಗೆ ಹೋದ್ರೆ ಬೀದಿಯವರು ಏನಂತಾರೆ? ಇನ್ನು ಸ್ವಲ್ಪ ದಿನ ನುಂಗು."

ಆ ಸ್ವಲ್ಪ ದಿನ ಎರಡು ವರ್ಷವಾಯಿತು. ಕೊನೆಗೆ ಮಗಳು ಒಪ್ಪಿದ್ದು, ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತಿದ್ದೇನೆಂದು ಎಲ್ಲರಿಗೂ ಹೇಳಬೇಕು ಎಂಬ ಷರತ್ತಿನ ಮೇಲೆ. ಅವಳು ಅಮ್ಮನನ್ನು ಆಸ್ಪತ್ರೆಯ ಗೇಟಿನವರೆಗೆ ಬಿಡುತ್ತಿದ್ದಳು, ಒಳಗೆ ಕಾಲಿಡಲಿಲ್ಲ. ಸಂಜೆ ಬೀದಿಯ ತಿರುವು ಬಂದೊಡನೆ ಅಮ್ಮ ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ನಡೆಯುತ್ತಿದ್ದಳು.

*

ಯೂನಿಫಾರಂ ತೊಟ್ಟ ಬಸ್ ಡ್ರೈವರೊಬ್ಬರು ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದರು. ಅಮ್ಮನ ಕಾಲ ಬಳಿ ಕೈಮುಗಿದು ನಿಂತರು.

"ನಾವಿಬ್ರೂ ಒಂದೇ ಬೆಂಚಿನವರು," ಎಂದರು.

"ಯಾವ ಬೆಂಚಪ್ಪ?" ಅತ್ತೆ ಕೇಳಿದಳು.

ಡ್ರೈವರು ಮಗಳ ಮುಖ ನೋಡಿದರು. "ಹಲ್ಲಿನ ಡಾಕ್ಟ್ರ ಹತ್ರ, ಅಮ್ಮ."

ಮಗಳಿಗೆ ಹೋದ ಜೀವ ಬಂದಂತಾಯಿತು. ಮರುಕ್ಷಣವೇ ಮುಖ ಉರಿಯಿತು. ದಾರಿಯಲ್ಲಿ ಹೋಗುವವರಿಗೂ ಅಮ್ಮ ಈ ಸುಳ್ಳನ್ನು ಕಲಿಸಿಕೊಟ್ಟಿದ್ದಳೇ, ತನಗೋಸ್ಕರ?

ಡ್ರೈವರು ಅವಳ ಪಕ್ಕಕ್ಕೆ ಬಂದು ದನಿ ತಗ್ಗಿಸಿದರು. "ನಂಗೆ ಆ ಮೆಷಿನ್ ಹಿಡೀಲಿಲ್ಲಮ್ಮ. ಬರೀ ತಲೆನೋವು. ಆಮೇಲೆ ಬೇರೆ ಮಾತ್ರೆ ಕೊಟ್ರು, ಅದು ಹಿಡೀತು. ನಿಮ್ಮಮ್ಮಂಗೆ ಉಲ್ಟಾ. ಅವರು ನನ್ನ ಮಾತ್ರೆ ಬೈಯೋರು, ನಾನು ಅವರ ಮರಕುಟಿಗನ್ನ ಬೈತಿದ್ದೆ."

"ಮರಕುಟಿಗ?"

"ಮೆಷಿನ್ ಟಕಟಕ ಅನ್ನುತ್ತಲ್ಲ. ಒಳಗೊಬ್ಬಳು ಬಾಗಿಲು ಹಾಕ್ಕೊಂಡು ಮಲಗಿದ್ದಾಳೆ, ಅವಳನ್ನ ಎಬ್ಬಿಸೋಕೆ ಬಂದಿರೋ ಹಕ್ಕಿ ಅನ್ನೋರು. ಮನೇಲಿ ಹೇಳಿರ್ಲಿಲ್ವಾ?"

ಹೇಳಿರಲಿಲ್ಲ. ಮಗಳು ಕೇಳಿರಲೂ ಇಲ್ಲ. ಸಂಜೆ ಬಂದವಳನ್ನು ಕೇಳುತ್ತಿದ್ದದ್ದು ಒಂದೇ ಮಾತು: ಯಾರಾದ್ರೂ ನೋಡಿದ್ರಾ?

ಡ್ರೈವರು ಜೇಬಿನಿಂದ ಒಂದು ಬಿಳಿ ಟೋಪಿ ತೆಗೆದರು. "ಅಲ್ಲಿನ ನರ್ಸು ಕೊಟ್ಟು ಕಳಿಸಿದ್ರು. ಸುರುಳಿ ಎಲ್ಲಿಡಬೇಕು ಅಂತ ಟೋಪಿ ಮೇಲೆ ಪೆನ್ನಲ್ಲಿ ಗುರುತು ಹಾಕೋರು, ಅಳಿಸಿಹೋಗೋದು. ನಿಮ್ಮಮ್ಮ 'ಇದೇನು ಕೆಲಸ ರೀ' ಅಂತ ಬೈದು, ಬೆಂಚಿನ ಮೇಲೇ ಕೂತು ತಾವೇ ಒಂದು ಹೊಲಿದ್ರು."

ಮಗಳು ಟೋಪಿಯ ಅಂಚನ್ನು ಬೆರಳಲ್ಲಿ ಸವರಿದಳು. ಶುರುವಿನ ಹೊಲಿಗೆ ಕುಡಿದವನ ಹೆಜ್ಜೆಯಂತೆ ತಡವರಿಸಿತ್ತು. ಸುತ್ತು ಬಂದಂತೆ ಬಂದಂತೆ ನೆಟ್ಟಗಾಗಿತ್ತು. ಕೊನೆಯಲ್ಲಿ ಹಾಕಿದ ಕೆಂಪು ದಾರದ ಗುರುತಿನಲ್ಲಿ ಒಂದು ಎಳೆಯೂ ಆಚೀಚೆ ಆಗಿರಲಿಲ್ಲ.

"ಏನೇ ಅದು?" ಅತ್ತೆ ಕತ್ತು ಚಾಚಿದಳು. "ಹಲ್ಲಿಗೆ ಟೋಪಿ ಯಾಕೆ?"

ಕೋಣೆಯಲ್ಲಿದ್ದವರೆಲ್ಲ ಇತ್ತ ತಿರುಗಿದರು. ಡ್ರೈವರು ಇನ್ನೊಂದು ಸುಳ್ಳು ಹುಡುಕುತ್ತ ಬಾಯಿ ತೆರೆದರು.

"ಹಲ್ಲಿಗಲ್ಲ ಅತ್ತೆ," ಎಂದಳು ಮಗಳು. "ಅಮ್ಮಂಗೆ ಖಿನ್ನತೆ ಇತ್ತು. ತಲೆಗೆ ಮೆಷಿನ್ ಇಡಿಸ್ಕೊಳ್ಳೋಕೆ ಹೋಗ್ತಿದ್ಲು. ಹಲ್ಲು ಅಂತ ಹೇಳು ಅಂದಿದ್ದು ನಾನು."

ಯಾರೋ ಕೆಮ್ಮಿದರು. ಅತ್ತೆ ಮಗಳನ್ನೇ ನೋಡಿದಳು.

"ನಾನು ದಿನಾ ಮೆತ್ತಗೆ ಬೇಯಿಸಿ ಕಳಿಸ್ತಿದ್ದೆನಲ್ಲೇ," ಎಂದಳು.

ಹೊರಗೆ ವ್ಯಾನು ಬಂದು ನಿಂತ ಸದ್ದಾಯಿತು. ಮಗಳು ಮೊಣಕಾಲೂರಿ, ನೆತ್ತಿಯ ಗಂಟು ಮುಚ್ಚುವಂತೆ ಅಮ್ಮನ ತಲೆಗೆ ಟೋಪಿ ತೊಡಿಸಿದಳು. ಕೆಂಪು ಗುರುತು ಬಲಗಿವಿಯ ಹಿಂದೆ ಹೋಗಿ ಕೂತಿತು. ಅದಲ್ಲ ಜಾಗ ಎಂದು ಗೊತ್ತಾಯಿತು. ಯಾವುದು ಜಾಗ ಎಂದು ಗೊತ್ತಾಗಲಿಲ್ಲ.

"ಎಲ್ಲಿ ಬರಬೇಕು?" ತಲೆ ಎತ್ತದೆ ಕೇಳಿದಳು.

"ಎಡಕ್ಕೆ," ಎಂದರು ಡ್ರೈವರು. "ಇನ್ನೂ ಮುಂದಕ್ಕೆ. ಹಣೆಯಿಂದ ಒಂಚೂರು ಮೇಲೆ. ಹಾಂ, ಅಲ್ಲೇ."

ಎಲ್ಲರೂ ನೋಡುತ್ತಿದ್ದರು. ಮಗಳು ಗುರುತಿನ ಮೇಲೆ ಬೆರಳಿಟ್ಟಳು, ಆಮೇಲೆ ಉಗುರ ತುದಿಯಿಂದ ಮೆಲ್ಲಗೆ ಟಕಟಕ ತಟ್ಟಿದಳು.