ಒಂದು ಗುದ್ದಿಗೆ ಎರಡು ಚುಕ್ಕಿ

ನಿಖಿತಾ ಕಚ್ಚುವಾಗ ಕಣ್ಣು ಮುಚ್ಚುತ್ತಿದ್ದಳು, ಪ್ರಾರ್ಥನೆಗೆ ನಿಂತವರ ಹಾಗೆ. ಎಂಟು ವರ್ಷದ ಹುಡುಗಿ. ಹಾಲುಹಲ್ಲು ಅರ್ಧ ಉದುರಿ ಹೊಸವು ಅರ್ಧ ಬಂದಿದ್ದರಿಂದ ಅವಳ ಕಡಿತದ ಗುರುತು ಬೇರೆ ಯಾರದ್ದೂ ಆಗಿರಲು ಸಾಧ್ಯವಿರಲಿಲ್ಲ. ಇಂಗ್ಲಿಷರ ನಾಡಿನ ಗ್ರೀನ್‌ಫರ್ಡಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಗೌತಮಿಯ ಕೆಲಸ ದಿನವಿಡೀ ನಿಖಿತಾಳ ಪಕ್ಕದಲ್ಲಿ ಕೂರುವುದು. ಅವಳಿಂದ ಲೆಕ್ಕ ಮಾಡಿಸುವುದು, ಉಳಿದ ಮಕ್ಕಳ ಮೂಗು ಒಡೆಯದಂತೆ ನೋಡಿಕೊಳ್ಳುವುದು. ಊರಿನ ಆಡಳಿತ ನೋಡುವ ಕೌನ್ಸಿಲ್ ಆ ಹುದ್ದೆಯನ್ನು ಕೊಟ್ಟದ್ದೇ ನಿಖಿತಾಳ ಹೆಸರಿನಲ್ಲಿ. ಹುಡುಗಿ ಶಾಲೆ ಬಿಟ್ಟರೆ ಗೌತಮಿಯ ಕುರ್ಚಿಯೂ ಹೋಯಿತು. ಹೆಡ್‌ಮಿಸ್ಟ್ರೆಸ್ ಆಗಲೇ ಎಚ್ಚರಿಕೆ ಕೊಟ್ಟಿದ್ದರು: ಇನ್ನೊಂದು ಹೊಡೆತದ ಸುದ್ದಿ ಬಂದರೆ ಇವಳು ಬೇರೆ ಶಾಲೆಗೆ.

ಹೀಗಾಗಿ ಸುದ್ದಿ ಬರುತ್ತಿರಲಿಲ್ಲ. ಹೊಡೆತ ಬರುತ್ತಿತ್ತು.

ಕೆಂಟನ್ನಿನ ಮನೆಯಲ್ಲಿ ಗಂಡ ವಸಿಷ್ಠ ಗೌತಮಿಯ ಮುಂಗೈ ಹಿಡಿದು ದೀಪದ ಕೆಳಗೆ ತಿರುಗಿಸಿ ನೋಡಿದ. ಧಾರವಾಡದವನು, ಇಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು.

"ನಾಯಿ ಏನು?"

"ವಿದ್ಯಾರ್ಥಿನಿ."

"ನಾಯಿ ಆಗಿದ್ರ ಛಲೋ ಇತ್ತು. ಅದಕ್ಕ ಲಸಿಕಿ ಹಾಕಿಸಿರ್ತಾರ." ಹತ್ತಿಗೆ ಔಷಧ ಹಚ್ಚಿ ಒತ್ತಿದ. "ಬಿಡು ಅಂದ್ರ ಬಿಡೂದಿಲ್ಲ ನೀ."

"ಬಿಟ್ಟು? ನಿಮ್ಮ ಡಾಕ್ಟರ್ ಹೆಂಡ್ರ ಜೋಡಿ ಕೂತು ಚಕ್ಕುಲಿ ತಿನ್ಲೇನು? ಹುಬ್ಬಳ್ಳ್ಯಾಗ ಬ್ಯಾಂಕಿನ ಕೆಲಸ ಬಿಟ್ಟು ಬಂದು ಇಷ್ಟು ವರ್ಷ ನಿಮ್ಮ ಅಂಗಿ ಇಸ್ತ್ರಿ ಮಾಡೀನಿ. ಈಗ ಒಂದು ಕೆಲಸ ಸಿಕ್ಕದ. ಕಚ್ಚಿದ್ರೂ ನಂದು."

ಸಂಜೆ ಅವಳು ಕಾಲೇಜಿಗೆ ಹೋಗುತ್ತಿದ್ದಳು. ತರಗತಿ ಸಹಾಯಕರಿಗೆಂದೇ ನಡೆಸುವ ಕೋರ್ಸು. ವಿಷಯ ಎರಡು, ಶಿಕ್ಷಣ ಮತ್ತು ಅರ್ಥಶಾಸ್ತ್ರ. ಇವೆರಡಕ್ಕೆ ಯಾರು ಯಾಕೆ ಗಂಟು ಹಾಕಿದರೆಂಬುದು ಕಾಲೇಜಿಗೂ ಮರೆತುಹೋಗಿತ್ತು. ಶಿಕ್ಷಣದ ಮೇಡಂ ಪ್ರಕಾರ ಮಗುವಿನ ಪ್ರತಿ ಹೊಡೆತವೂ ಒಂದು ಸಂದೇಶ. ಅರ್ಥಶಾಸ್ತ್ರದ ಮೇಷ್ಟ್ರ ಪ್ರಕಾರ ಮನುಷ್ಯ ಆಮಿಷ ಕಂಡ ಕಡೆ ನಡೆಯುವ ಪ್ರಾಣಿ. ಸಂದೇಶಗಳು ಸಾಕಷ್ಟು ಬಂದಿದ್ದವು. ಗೌತಮಿ ಆಮಿಷವನ್ನು ನೆಚ್ಚಿದಳು.

ತರಗತಿಯಲ್ಲಿ ಆಗಲೇ ಚುಕ್ಕಿಗಳಿದ್ದವು: ಬಂಗಾರದ ಬಣ್ಣದ ಅಂಟುಕಾಗದ. ಚೆನ್ನಾಗಿ ಓದಿದವರಿಗೆ, ಕಸ ಎತ್ತಿದವರಿಗೆ ಒಂದೊಂದು. ಶುಕ್ರವಾರ ಅವನ್ನು ಕೊಟ್ಟು ಟ್ಯಾಬ್ಲೆಟ್ಟಿನಲ್ಲಿ ಆಡಬಹುದು. ಗೌತಮಿ ನಿಖಿತಾಳಿಗೊಂದು ವಿಶೇಷ ದರ ಮಾಡಿದಳು. ಎತ್ತಿದ ಕೈ ಹೊಡೆಯದೆ ಇಳಿಸಿದರೆ ಒಂದು ಚುಕ್ಕಿ.

ನಿಖಿತಾ ಪಾಠವನ್ನು ಕೂಡಲೇ ಕಲಿತಳು. ಕೈ ಇಳಿಸಬೇಕಾದರೆ ಮೊದಲು ಎತ್ತಬೇಕು. ಬೆಳಗಿನಿಂದ ಸಂಜೆಯವರೆಗೆ ಎತ್ತಿದಳು, ಇಳಿಸಿದಳು, ಅಂಗೈ ಚಾಚಿದಳು. ಉಳಿದ ಮಕ್ಕಳು ಇದನ್ನು ನೋಡುತ್ತಿದ್ದರು. ಕೈ ಇಳಿಸುವುದಕ್ಕೆ ಬೆಲೆಯಿದ್ದರೆ ಬೀಸುವುದಕ್ಕೂ ಇರಲೇಬೇಕೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಆಟದ ಅಂಗಳದಲ್ಲಿ ಅಮೋಘ್ ಎಂಬ ಹುಡುಗ ತುಟಿ ಹರಿದು ನಿಂತಿದ್ದ. ರಕ್ತ ಗದ್ದದಿಂದ ಶೂಗಳ ಮೇಲೆ ತೊಟ್ಟಿಕ್ಕುತ್ತಿತ್ತು. ಅವನ ಹಿಂದೆ ಸಹಪಾಠಿ ನಿತೀಶ ತನ್ನ ಅಂಗಿಯ ಎರಡು ಚುಕ್ಕಿ ಕಿತ್ತು ನಿಖಿತಾಳ ತೋಳಿಗೆ ಅಂಟಿಸುತ್ತಿದ್ದ.

"ಅಮೋಘ್ ನಿನಗೇನು ಮಾಡಿದ್ದ?" ಗೌತಮಿ ಕನ್ನಡದಲ್ಲೇ ಕೇಳಿದಳು. ನಿಖಿತಾಳ ಅಪ್ಪ ಅಮ್ಮ ಬೆಂಗಳೂರಿನವರು. ಹುಡುಗಿಗೆ ಕನ್ನಡ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

"ನನಗೇನೂ ಮಾಡಿಲ್ಲ. ನಿತೀಶನಿಗೆ ಮಾಡಿದ. ಇದು ಬರೀ ಬಿಸಿನೆಸ್, ಮಿಸ್."

ಕಾಲೇಜಿನ ಕ್ಯಾಂಟೀನಿನಲ್ಲಿ ಇದನ್ನು ಕೇಳಿ ಸಹಪಾಠಿ ಶೋಭಾ ಚಹಾದ ಲೋಟ ಕೆಳಗಿಟ್ಟಳು. ಟೂಟಿಂಗಿನ ಶಾಲೆಯೊಂದರಲ್ಲಿ ಅವಳದೂ ಇದೇ ಕೆಲಸ.

"ಇದಕ್ಕೆ ನಮ್ ಬೆಂಗ್ಳೂರಲ್ಲಿ ಒಂದ್ ಹೆಸ್ರಿದೆ ಕಣೇ. ಸುಪಾರಿ."

"ನಗಬ್ಯಾಡ."

"ನಗ್ತಿಲ್ಲಮ್ಮ. ನೋಟ್ ಪ್ರಿಂಟ್ ಮಾಡ್ತಿರೋಳು ನೀನು. ನಿಲ್ಸು ಮೊದ್ಲು. ಹೆಡ್ ಹತ್ರ ಹೋಗಿ ಹೇಳ್ಬಿಡು."

"ಹೇಳಿದ್ರ ಆಕಿನೂ ಹೋಗ್ತಾಳ, ನಾನೂ ಹೋಗ್ತೀನಿ. ಸೋಮವಾರ ಕಾಲೇಜಿನ ಪರೀಕ್ಷಕಿ ನನ್ನ ಪಾಠ ನೋಡ್ಲಿಕ್ಕೆ ಬರ್ತಾಳ. ಅಲ್ಲೀತನಾ ಹ್ಯಾಂಗರ ತಳ್ಳತೀನಿ."

ಅವಳು ನಿಲ್ಲಿಸಲಿಲ್ಲ, ದರ ಏರಿಸಿದಳು. ಹೊಡೆಯದಿದ್ದರೆ ಮೂರು ಚುಕ್ಕಿ. ಮಾರನೆಯ ದಿನ ಅಂಗಳದಲ್ಲಿ ಹೊಡೆತದ ಬೆಲೆ ನಾಲ್ಕಾಗಿತ್ತು. ಅಹಿಂಸೆ ಎಷ್ಟು ತುಟ್ಟಿಯಾದರೂ ಹಿಂಸೆ ಅದಕ್ಕಿಂತ ಒಂದು ಚುಕ್ಕಿ ಮುಂದೆಯೇ ಇರುತ್ತಿತ್ತು. ಒಬ್ಬನ ಬೆರಳು ಬಾಗಿಲ ಸಂದಿಯಲ್ಲಿ ಜಜ್ಜಿತು. ಒಬ್ಬಳ ಜಡೆಯಿಂದ ಒಂದು ಹಿಡಿ ಕೂದಲು ಬೇರು ಸಮೇತ ಬಂತು. ಯಾರೂ ದೂರು ಹೇಳಲಿಲ್ಲ, ಎಲ್ಲರೂ ಗಿರಾಕಿಗಳೇ. ಹೇಳುವವಳು ಒಬ್ಬಳಿದ್ದಳು: ಸಿರಿಶಾ, ದಪ್ಪ ಕನ್ನಡಕದ ಸಣ್ಣ ಹುಡುಗಿ. ಯಾರು ಪೆನ್ಸಿಲ್ ಕದ್ದರು, ಯಾರು ಕೈ ತೊಳೆಯಲಿಲ್ಲ, ಎಲ್ಲವನ್ನೂ ದೊಡ್ಡವರಿಗೆ ಮುಟ್ಟಿಸುವುದು ಅವಳ ವ್ರತ. ಇವಳು ಬಾಯಿ ಬಿಟ್ಟರೆ ಅಂಗಡಿ ಮುಚ್ಚುತ್ತದೆಂದು ಉಳಿದವರಿಗೆ ಹೊಳೆಯಿತು. ಎಲ್ಲರೂ ಸೇರಿ ವಂತಿಗೆ ಎತ್ತಿದರು.

ಸೋಮವಾರ ಗೌತಮಿ ಕೆಲವೇ ಮಕ್ಕಳನ್ನು ಪಕ್ಕದ ಸಣ್ಣ ಕೋಣೆಗೆ ಕರೆದುಕೊಂಡು ಕೂತಿದ್ದಳು. ಟ್ಯೂಬ್ ರೈಲು ನಿಂತುಹೋಗಿ ಪರೀಕ್ಷಕಿ ಇನ್ನೂ ಬಂದಿರಲಿಲ್ಲ. ನಿಖಿತಾ ಎದ್ದು, ಲೆಕ್ಕ ಕಲಿಸುವ ಮರದ ತುಂಡೊಂದನ್ನು ಆರಿಸಿಕೊಂಡು ಸಿರಿಶಾಳ ಮುಖಕ್ಕೆ ಬಾರಿಸಿದಳು. ಕನ್ನಡಕ ಒಡೆದು ಗಾಜು ಕೆನ್ನೆಗೆ ನೆಟ್ಟಿತು. ಎರಡನೆಯ ಏಟಿಗೆ ಕಿವಿ ಸೀಳಿತು. ಗೌತಮಿ ಮೇಜಿನ ಮೇಲಿಂದಲೇ ಹಾದು ನಡುವೆ ಬಿದ್ದಳು. ಮೂರನೆಯದು ಅವಳ ಹುಬ್ಬನ್ನು ಒಡೆಯಿತು. ಕಣ್ಣಿಗೆ ಬಿಸಿಯಾಗಿ ರಕ್ತ ಇಳಿಯಿತು.

"ಸರಿಯಿರಿ ಮಿಸ್. ಇನ್ನೂ ಬಾಕಿ ಇದೆ. ಅವರೆಲ್ಲ ಮೊದಲೇ ಕೊಟ್ಟಿದ್ದಾರೆ."

ಗೌತಮಿಯ ಕೈ ತಾನಾಗಿ ಜೇಬಿಗೆ ಹೋಯಿತು. ಚುಕ್ಕಿಗಳ ಇಡೀ ಹಾಳೆಯನ್ನೇ ಹೊರತೆಗೆದು ಹಿಡಿದಳು. "ಎಲ್ಲಾ ನಿನಗ. ಕೆಳಗಿಡು ಅದನ್ನ."

ನಿಖಿತಾ ಹಾಳೆಯನ್ನು ಪ್ರಾಮಾಣಿಕವಾಗಿ ಪರಿಶೀಲಿಸಿದಳು. "ಅವರದೇ ಜಾಸ್ತಿ," ಎಂದು ಮರದ ತುಂಡು ಎತ್ತಿದಳು.

ಗೌತಮಿ ಹಾಳೆ ಬಿಸುಟು ಹುಡುಗಿಯನ್ನೇ ಹಿಡಿದಳು. ಹಿಂದಿನಿಂದ ತೋಳುಗಳನ್ನು ಎದೆಗೆ ಅಡ್ಡ ಕಟ್ಟಿ, ನೆಲಕ್ಕೆ ಕೂತು, ಕಾಲಿನಿಂದ ಕಾಲು ಬಂಧಿಸಿದಳು. ಆದರೂ ನಿಖಿತಾ ಹಿಮ್ಮಡಿಯಿಂದ ಅವಳ ಮೊಣಕಾಲಿಗೆ ಒದೆಯುತ್ತಿದ್ದಳು. ಬಾಗಿಲು ತೆರೆಯಿತು. ಹೆಡ್‌ಮಿಸ್ಟ್ರೆಸ್, ಹಿಂದೆ ಏದುಸಿರಿನ ಪರೀಕ್ಷಕಿ.

"ಹಿಡಿತ ಪುಸ್ತಕದಲ್ಲಿರುವ ಹಾಗೆಯೇ ಇದೆ," ಎಂದು ಪರೀಕ್ಷಕಿ ಮೆಚ್ಚಿದಳು. ಅವಳಿಗೆ ಸಿರಿಶಾ ಇನ್ನೂ ಕಂಡಿರಲಿಲ್ಲ.

ಹೆಡ್‌ಮಿಸ್ಟ್ರೆಸ್ಸಿಗೆ ಕಂಡಳು. "ನಿನಗೇನಾಯಿತು, ಮಗೂ?"

ಸಿರಿಶಾ ಒಮ್ಮೆ ನಿಖಿತಾಳನ್ನು ನೋಡಿದಳು. ಆಮೇಲೆ, ತುಂಬಾ ಹೊತ್ತು, ಗೌತಮಿಯನ್ನು.

"ಬಿದ್ದೆ," ಎಂದಳು.

ಪೆನ್ಸಿಲ್ ಕಳ್ಳನನ್ನೂ ಬಿಡದ ಹುಡುಗಿ. ಮಿಸ್ಸೂ ಚುಕ್ಕಿಯನ್ನೇ ಚಾಚಿದ್ದನ್ನು ಕಂಡು, ಯಾರಿಗೆ ಹೇಳಿ ಏನು ಪ್ರಯೋಜನ ಎಂಬುದನ್ನು ಅವಳು ಈ ಕೋಣೆಯಲ್ಲೇ ಕಲಿತಿದ್ದಳು. ಗೌತಮಿ ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಪಾಸೂ ಆಗುತ್ತಿದ್ದಳು.

"ಬಿದ್ದಿಲ್ಲ," ಎಂದಳು ಗೌತಮಿ ಇಂಗ್ಲಿಷಿನಲ್ಲಿ. "ನಿಖಿತಾ ಹೊಡೆದಳು. ಉಳಿದವರು ಚುಕ್ಕಿ ಕೊಟ್ಟು ಹೊಡೆಸಿದರು. ಆ ವ್ಯಾಪಾರ ಶುರುಮಾಡಿದ್ದು ನಾನು. ಇದು ಮೊದಲನೆಯದಲ್ಲ, ನಾನು ಮುಚ್ಚಿಟ್ಟಿದ್ದೆ."

ಹೆಡ್‌ಮಿಸ್ಟ್ರೆಸ್ ಸಿರಿಶಾಳನ್ನು ಎತ್ತಿಕೊಂಡರು. ನಿಖಿತಾಳ ತಾಯಿಯನ್ನು ಕರೆಸುತ್ತೇನೆ, ಅವರು ಬಂದ ಮೇಲೆ ನೀವು ಮನೆಗೆ ಹೋಗಿ, ನಾಳೆ ಬರುವುದು ಬೇಡ ಎಂದರು. ದನಿ ಏರಿಸಲಿಲ್ಲ. ಪರೀಕ್ಷಕಿ ಉಳಿದ ಮಕ್ಕಳನ್ನು ಸಾಲಾಗಿ ಹೊರಗೆ ಸಾಗಿಸಿದಳು.

ನಿಖಿತಾ ತಲೆಯನ್ನು ಹಿಂದಕ್ಕೆ ಬೀಸಿ ಗೌತಮಿಯ ಗದ್ದಕ್ಕೆ ಅಪ್ಪಳಿಸಿದಳು. ಒಂದು ಹಲ್ಲು ಮುರಿಯಿತು.

"ನಿಮಗೆ ಹುಚ್ಚು, ಮಿಸ್. ಇದನ್ನ ಹೇಳೋಕೆ ನಿಮಗೆ ಯಾರೂ ಏನೂ ಕೊಟ್ಟಿಲ್ಲ."

"ಇಲ್ಲ," ಎಂದು ಗೌತಮಿ ರಕ್ತ ನುಂಗಿದಳು. "ಸುಮ್ಮನ ಕೂಡು ಈಗ."

ಹುಡುಗಿ ಕೂರಲಿಲ್ಲ. ತಾಯಿ ಜಯಾ ಆಫೀಸಿನಿಂದ ಬರುವವರೆಗೂ ಒದ್ದಳು, ಪರಚಿದಳು, ಕಣ್ಣು ಮುಚ್ಚದೆ ಅತ್ತಳು. ಇದಕ್ಕೆ ಯಾರೂ ಅವಳಿಗೆ ಚುಕ್ಕಿ ಕೊಟ್ಟಿರಲಿಲ್ಲ. ಗೌತಮಿ ತೋಳು ಸಡಿಲಿಸಲಿಲ್ಲ.